ನ್ಯೂರಾನ್‌ಗಳು ಯಾವಾಗ ಒಟ್ಟಿಗೆ ಮಿಡಿಯುತ್ತವೆ, ಯಾವಾಗ ಮಿಡಿಯುವುದಿಲ್ಲ?

ಪ್ರಶ್ನೆ: ಸರ್, ನಾನು ಉಡುಪಿಯವಳು. ಮಂಗಳೂರಿನಲ್ಲಿ ಎಂಜಿನಿಯರಿಂಗ್ ಕೊನೆಯ ವರ್ಷ ಓದುತ್ತಿದ್ದೇನೆ. ಪ್ರಾಜೆಕ್ಟ್‌ಗೆ ಪೈಥಾನ್‌ನಲ್ಲಿ 100 ನ್ಯೂರಾನ್‌ಗಳ, ಅಂದರೆ ನರಕೋಶಗಳ, ಜಾಲ ಮಾಡಿದ್ದೇನೆ. ಲೀಕಿ ಇಂಟಿಗ್ರೇಟ್ ಅಂಡ್ ಫೈರ್ ಮಾಡೆಲ್, ಅಂದರೆ ಬಂದ ಕರೆಂಟ್ ಕೂಡಿಸುತ್ತಾ, ಸ್ವಲ್ಪ ಸೋರಿಸುತ್ತಾ, ಮಿತಿ ಮುಟ್ಟಿದಾಗ ಮಿಡಿಯುವ ನ್ಯೂರಾನ್. ಪ್ರತಿಯೊಂದೂ ತನ್ನಷ್ಟಕ್ಕೆ ಸೆಕೆಂಡಿಗೆ ಸುಮಾರು 40 ಸಲ ಮಿಡಿಯುತ್ತದೆ. ಎಲ್ಲವನ್ನೂ ಎಲ್ಲದಕ್ಕೂ ಜೋಡಿಸಿ, ಒಂದು ಮಿಡಿದಾಗ ಉಳಿದವು ಪ್ರಚೋದನೆ ಪಡೆಯುವ ಹಾಗೆ ಕಪ್ಲಿಂಗ್ ಕೊಟ್ಟೆ. ಕಪ್ಲಿಂಗ್ ಹೆಚ್ಚಿಸಿದಷ್ಟೂ ಸಿಂಕ್ ಆಗಬೇಕಲ್ವಾ? ಆಗುತ್ತಿಲ್ಲ. ಎರಡು ಗುಂಪಾಗಿ ಒಡೆಯುತ್ತವೆ. ಸುಮ್ನೆ ಪ್ಲಸ್ ಇದ್ದಲ್ಲಿ ಮೈನಸ್ ಹಾಕಿ, ಒಂದು ಇನ್ನೊಂದನ್ನು ತಡೆಯುವ ಹಾಗೆ ಮಾಡಿದರೆ ಎಲ್ಲವೂ ಒಟ್ಟಿಗೆ ಮಿಡಿಯುತ್ತವೆ! ಕೋಡ್ ತಪ್ಪಾ? ಇನ್ನೊಂದು ವಿಷಯ. ಕಾಪುವಿನಲ್ಲಿರುವ ನನ್ನ ಅಜ್ಜನಿಗೆ ಪಾರ್ಕಿನ್ಸನ್ಸ್ ಇದೆ. ಮೆದುಳಿನ ಕೋಶಗಳು ಬೇಕಾದ್ದಕ್ಕಿಂತ ಜಾಸ್ತಿ ಒಟ್ಟಿಗೆ ಮಿಡಿಯುತ್ತಿವೆ ಎಂದು ಡಾಕ್ಟರ್ ಹೇಳಿದರು. ಹಾಗಾದರೆ ಸಿಂಕ್ ಒಳ್ಳೆಯದೋ, ಕೆಟ್ಟದ್ದೋ?

ಉತ್ತರ: ಕೋಡ್ ತಪ್ಪಿರಲಿಕ್ಕಿಲ್ಲ. ತಪ್ಪಿರುವುದು ನಿಮ್ಮ ನಿರೀಕ್ಷೆ. ಗೈಡ್ ಬೈದಾರು ಎಂದು ಹೆದರಿ ಆ ಎರಡು ಗುಂಪಿನ ಗ್ರಾಫ್ ಅಳಿಸಿದ್ದರೆ ಮತ್ತೆ ರನ್ ಮಾಡಿ ಇಟ್ಟುಕೊಳ್ಳಿ. ನಿಮ್ಮ ಪ್ರಾಜೆಕ್ಟ್‌ನಲ್ಲಿ ನೋಡುವಂಥದ್ದು ಇರುವುದೇ ಅಲ್ಲಿ.

1994ರಲ್ಲಿ ವಾನ್ ವ್ರೀಸ್‌ವೈಕ್, ಅಬಟ್ ಮತ್ತು ಎರ್ಮೆಂಟ್ರೌಟ್ ಎಂಬ ಮೂವರು ಇದನ್ನೇ ಲೆಕ್ಕ ಹಾಕಿ ತೋರಿಸಿದರು. ಸಿನಾಪ್ಸ್, ಅಂದರೆ ಎರಡು ನ್ಯೂರಾನ್‌ಗಳ ನಡುವಿನ ಸಂಪರ್ಕ, ನಿಧಾನದ್ದಾದರೆ ನ್ಯೂರಾನ್‌ಗಳನ್ನು ಒಟ್ಟಿಗೆ ತರುವುದು ಪ್ರಚೋದನೆ ಅಲ್ಲ, ತಡೆ. ನಿಮ್ಮ ಲ್ಯಾಪ್‌ಟಾಪ್ ಹೇಳಿದ್ದೂ ಇದನ್ನೇ. ಎಷ್ಟು ಜೋರಾಗಿ ತಳ್ಳುತ್ತೀರಿ ಎಂಬುದು ಆಮೇಲಿನ ಮಾತು. ತಳ್ಳುವಾಗ ಆ ನ್ಯೂರಾನ್ ತನ್ನ ಸುತ್ತಿನ ಯಾವ ಹಂತದಲ್ಲಿದೆ ಎಂಬುದು ಮೊದಲು.

ಹಾಗಾದರೆ ಕಪ್ಲಿಂಗ್ ಹೆಚ್ಚಿದರೆ ಸಿಂಕ್ ಹೆಚ್ಚು ಎಂಬ ನಂಬಿಕೆ ಎಲ್ಲಿಂದ ಬಂತು? ಅದು ಬೇರೊಂದು ಮಾಡೆಲ್‌ನಿಂದ ಬಂದದ್ದು. ಆ ಮಾಡೆಲ್ ಚೆನ್ನಾಗಿದೆ. ನ್ಯೂರಾನ್‌ಗೆ ಅದನ್ನು ಹಾಗೇ ತಂದು ಹಾಕಿದಾಗ ತಕರಾರು ಶುರುವಾಗುತ್ತದೆ.

ಕಥೆ ಹಳೆಯದು. 1665ರಲ್ಲಿ ಕ್ರಿಸ್ಟಿಯಾನ್ ಹೈಗೆನ್ಸ್ ಹುಷಾರಿಲ್ಲದೆ ಮಲಗಿದ್ದಾಗ, ಒಂದೇ ತೊಲೆಯಿಂದ ತೂಗುಹಾಕಿದ ಎರಡು ಲೋಲಕ ಗಡಿಯಾರಗಳನ್ನು ನೋಡುತ್ತಿದ್ದ. ಹೇಗೆ ಶುರು ಮಾಡಿದರೂ ಅರ್ಧ ಗಂಟೆಯೊಳಗೆ ಅವು ಹೊಂದಿಕೊಳ್ಳುತ್ತಿದ್ದವು. ಗಮನಿಸಿ, ಒಂದೇ ಕಡೆ ತೂಗುತ್ತಿರಲಿಲ್ಲ. ಒಂದು ಎಡಕ್ಕೆ ಹೋದರೆ ಇನ್ನೊಂದು ಬಲಕ್ಕೆ. ಅಂದರೆ ಚರಿತ್ರೆಯಲ್ಲಿ ದಾಖಲಾದ ಮೊದಲ ಸಿಂಕ್ ಕೂಡ ನಿಮ್ಮ ಎರಡು ಗುಂಪಿನ ಹಾಗೆಯೇ ಇತ್ತು! 1967ರಲ್ಲಿ ಆರ್ಥರ್ ವಿನ್‌ಫ್ರೀ ಜೀವಿಗಳ ಲಯಗಳನ್ನು ದೊಡ್ಡ ಗುಂಪಾಗಿ ನೋಡುವ ಗಣಿತ ತಂದ. 1975ರಲ್ಲಿ ಜಪಾನಿನ ಯೋಶಿಕಿ ಕುರಾಮೊಟೊ ಅದನ್ನು ಕೈಯಲ್ಲೇ ಲೆಕ್ಕ ಹಾಕಿ ಬಿಡಿಸಬಹುದಾದಷ್ಟು ಸರಳ ಮಾಡಿದ.

ಕುರಾಮೊಟೊ ಹೇಳಿದ್ದು ಇಷ್ಟೇ. ಪ್ರತಿ ಆಸಿಲೇಟರ್‌ಗೂ, ಅಂದರೆ ಲಯದಲ್ಲಿ ಸುತ್ತು ಹಾಕುವ ಪ್ರತಿಯೊಂದಕ್ಕೂ, ಒಂದು ಸ್ವಂತ ವೇಗ ಇದೆ. ಅದರ ಜೊತೆಗೆ, ಉಳಿದವರು ತನಗಿಂತ ಮುಂದಿದ್ದರೆ ಸ್ವಲ್ಪ ಬೇಗ ಹೋಗುತ್ತದೆ, ಹಿಂದಿದ್ದರೆ ಸ್ವಲ್ಪ ನಿಧಾನಿಸುತ್ತದೆ. ಎಷ್ಟು ಬೇಗ, ಎಷ್ಟು ನಿಧಾನ ಎಂಬುದನ್ನು ಫೇಸ್ (ಸುತ್ತಿನಲ್ಲಿ ಎಲ್ಲಿದೆ ಎಂಬುದು) ವ್ಯತ್ಯಾಸದ ಸೈನ್ ಹೇಳುತ್ತದೆ. ಎಲ್ಲರ ಸೈನ್‌ಗಳ ಸರಾಸರಿ ತೆಗೆದು ಕಪ್ಲಿಂಗ್ ಬಲದಿಂದ ಗುಣಿಸಿದರೆ ಮುಗಿಯಿತು.

ನೀವು ಉಡುಪಿಯವರು, ಮಲ್ಪೆ ಕಡೆ ದಡದಿಂದ ಕೈರಂಪಣಿ ಬಲೆ ಎಳೆಯುವುದನ್ನು ನೋಡಿರುತ್ತೀರಿ. ಹಗ್ಗ ಹಿಡಿದ ಒಬ್ಬೊಬ್ಬರೂ ಪಕ್ಕದವರ ಕೈ ನೋಡಿಕೊಂಡು ಎಳೆಯುವುದಿಲ್ಲ. ಹಗ್ಗದ ಬಿಗಿತ ಅಂಗೈಗೆ ಗೊತ್ತಾಗುತ್ತದೆ. ಆ ಬಿಗಿತ ಎಲ್ಲರ ಎಳೆತದ ಮೊತ್ತ. ನಾಲ್ಕು ಜನ ಒಟ್ಟಿಗೆ ಎಳೆದರೆ ಹಗ್ಗ ಸ್ವಲ್ಪ ಜಗ್ಗುತ್ತದೆ, ಆ ಜಗ್ಗು ಇನ್ನಿಬ್ಬರನ್ನು ಸೇರಿಸಿಕೊಳ್ಳುತ್ತದೆ, ಆಗ ಜಗ್ಗು ಇನ್ನೂ ಜೋರಾಗುತ್ತದೆ. ಕುರಾಮೊಟೊ ಮಾಡೆಲ್‌ನಲ್ಲಿ ಆಸಿಲೇಟರ್ ಕೇಳಿಸಿಕೊಳ್ಳುವುದು ಈ ಮೊತ್ತವನ್ನು ಮಾತ್ರ. ‘ಐಸಾ’ ಎಂದು ಕೂಗುವವರು ಯಾರೂ ಇಲ್ಲದೆಯೂ ಸಿಂಕ್ ಹುಟ್ಟುತ್ತದೆ ಎಂಬುದು ಅದರ ಸ್ವಾರಸ್ಯ.

ಈಗ ಎರಡೇ ಆಸಿಲೇಟರ್ ಇಟ್ಟುಕೊಂಡು ಲೆಕ್ಕ ಮಾಡೋಣ. ಒಂದು 40 ಹರ್ಟ್ಸ್, ಅಂದರೆ ಸೆಕೆಂಡಿಗೆ 40 ಸುತ್ತು, ಇನ್ನೊಂದು 42 ಹರ್ಟ್ಸ್. ವ್ಯತ್ಯಾಸ 2 ಹರ್ಟ್ಸ್, ಅಂದರೆ ಸೆಕೆಂಡಿಗೆ 12.57 ರೇಡಿಯನ್ (ಒಂದು ಸುತ್ತಿಗೆ 6.28 ರೇಡಿಯನ್). ಕಪ್ಲಿಂಗ್ ಬಲ ಇದಕ್ಕಿಂತ ಹೆಚ್ಚಿದ್ದರೆ ಎರಡೂ ಒಂದೇ ವೇಗಕ್ಕೆ ಬರುತ್ತವೆ, ಎರಡಕ್ಕೂ 41 ಹರ್ಟ್ಸ್. ಬಲ 25 ಎಂದಿಟ್ಟುಕೊಳ್ಳಿ. ಆಗ ಅವುಗಳ ನಡುವಿನ ಫೇಸ್ ಅಂತರ ಸುಮಾರು 30 ಡಿಗ್ರಿಗೆ ನಿಲ್ಲುತ್ತದೆ. ಸಮಯದಲ್ಲಿ ಹೇಳಿದರೆ ಸುಮಾರು 2 ಮಿಲಿಸೆಕೆಂಡ್. ಸ್ವಭಾವದಿಂದ ವೇಗದ್ದು ಯಾವಾಗಲೂ 2 ಮಿಲಿಸೆಕೆಂಡ್ ಮುಂದೆ. ಸಿಂಕ್ ಎಂದರೆ ಅದೇ ಕ್ಷಣಕ್ಕೆ ಮಿಡಿಯುವುದು ಎಂದು ತುಂಬಾ ಜನ ತಿಳಿದಿದ್ದಾರೆ. ಹಾಗಲ್ಲ. ಅಂತರ ಬದಲಾಗದೆ ನಿಂತರೆ ಸಾಕು, ಅದು ಸಿಂಕ್.

ಬಲ 12ಕ್ಕೆ ಇಳಿಸಿ ನೋಡಿ. ಬೇಕಾದ್ದಕ್ಕಿಂತ ಒಂಚೂರು ಮಾತ್ರ ಕಡಿಮೆ. ಆಗ ಎರಡೂ ಒಂದೂವರೆ ಸೆಕೆಂಡ್ ಹತ್ತಿರ ಜೊತೆಜೊತೆಗೇ ಹೋಗುತ್ತಿರುವ ಹಾಗೆ ಕಾಣುತ್ತದೆ. ಆಮೇಲೆ ಒಂದು ಇದ್ದಕ್ಕಿದ್ದಂತೆ ಪೂರ್ತಿ ಒಂದು ಸುತ್ತು ಜಾರುತ್ತದೆ. ಮತ್ತೆ ಜೊತೆ. ಮತ್ತೆ ಜಾರು. ಲೆಕ್ಕದ ಪ್ರಕಾರ ಸುಮಾರು 1.7 ಸೆಕೆಂಡಿಗೊಮ್ಮೆ ಜಾರಬೇಕು. ನೀವು ಒಂದೇ ಸೆಕೆಂಡ್ ಸಿಮ್ಯುಲೇಷನ್ ಓಡಿಸಿ ನಿಲ್ಲಿಸಿದ್ದರೆ ಸಿಂಕ್ ಆಗಿದೆ ಎಂದು ಬರೆದುಬಿಡುತ್ತಿದ್ದಿರಿ. ವಿದ್ಯಾರ್ಥಿಗಳ ರಿಪೋರ್ಟ್‌ಗಳಲ್ಲಿ ಇದು ಆಗಾಗ ಕಾಣುತ್ತದೆ. ಕಡಿಮೆಯೆಂದರೂ ಹತ್ತು ಸೆಕೆಂಡ್ ಓಡಿಸಿ.

ನೂರಾರು ಆಸಿಲೇಟರ್ ಇದ್ದಾಗ ಎಷ್ಟು ಕೂಡಿವೆ ಎಂದು ಅಳೆಯಲು ‘ಆರ್’ ಎಂಬ ಒಂದು ಅಂಕಿ ಬಳಸುತ್ತಾರೆ. ಪ್ರತಿ ಆಸಿಲೇಟರ್‌ನ ಫೇಸನ್ನು ವೃತ್ತದ ಮೇಲೆ ಒಂದು ಬಾಣವಾಗಿ ಬರೆದು, ಎಲ್ಲವನ್ನೂ ಕೂಡಿಸಿ ಬರುವ ಸರಾಸರಿ ಬಾಣದ ಉದ್ದ ತೆಗೆಯುವುದು. ಎಲ್ಲ ಒಂದೇ ಕಡೆ ತೋರಿಸಿದರೆ 1. ದಿಕ್ಕಾಪಾಲಾಗಿದ್ದರೆ ಸೊನ್ನೆಯ ಹತ್ತಿರ. ಕುರಾಮೊಟೊ ಮಾಡೆಲ್‌ನಲ್ಲಿ ಕಪ್ಲಿಂಗನ್ನು ಸೊನ್ನೆಯಿಂದ ಏರಿಸುತ್ತಾ ಹೋದರೆ ಮೊದಲಿಗೆ ಏನೂ ಆಗುವುದಿಲ್ಲ. ಒಂದು ಹೊಸ್ತಿಲು ದಾಟಿದ ಕೂಡಲೇ ಆರ್ ಏರತೊಡಗುತ್ತದೆ. ವೇಗಗಳು ಲೊರೆಂಟ್ಸ್ ಹಂಚಿಕೆಯಲ್ಲಿದ್ದರೆ (ನಡುವೆ ಗುಡ್ಡ, ಎರಡೂ ಕಡೆ ಉದ್ದ ಬಾಲ ಇರುವ ಗ್ರಾಫ್) ಹೊಸ್ತಿಲು ಆ ಹಂಚಿಕೆಯ ಅರ್ಧ ಅಗಲದ ಎರಡು ಪಟ್ಟು. ಹೊಸ್ತಿಲಿಗಿಂತ ಒಂದು ಶೇಕಡಾ ಮೇಲೆ ಹೋದರೆ ಆರ್ 0.1, ಎರಡು ಪಟ್ಟಿಗೆ ಹೋದರೆ 0.71. ಏರುವಾಗ ಎಷ್ಟು ಕಡಿದಾಗಿದೆ ನೋಡಿ.

ಇಲ್ಲಿ ನಿಮಗೊಂದು ಎಚ್ಚರಿಕೆ. ನಿಮ್ಮ ಹತ್ತಿರ ಇರುವುದು 100 ನ್ಯೂರಾನ್. ಅವು ಒಂದಕ್ಕೊಂದು ಸಂಬಂಧವೇ ಇಲ್ಲದೆ ಮಿಡಿಯುತ್ತಿದ್ದರೂ ಆರ್ ಸೊನ್ನೆ ಬರುವುದಿಲ್ಲ, 0.1ರ ಆಸುಪಾಸು ಅಲ್ಲಾಡುತ್ತಿರುತ್ತದೆ. ಬಾಣಗಳ ಸಂಖ್ಯೆಯ ವರ್ಗಮೂಲದಿಂದ 1ನ್ನು ಭಾಗಿಸಿದರೆ ಬರುವ ಅಂಕಿ ಅದು. ಅದನ್ನು ನೋಡಿ ಸಣ್ಣ ಸಿಂಕ್ ಶುರುವಾಗಿದೆ ಎಂದು ಬರೆಯಬೇಡಿ.

ಸರಿ, ಇಷ್ಟೆಲ್ಲ ಇದ್ದರೂ ನಿಮ್ಮ ಜಾಲ ಯಾಕೆ ಮಾತು ಕೇಳಲಿಲ್ಲ?

ಕುರಾಮೊಟೊನ ಸೈನ್ ಒಂದು ಅನುಕೂಲದ ಊಹೆ. ಹಿಂದಿದ್ದವನನ್ನು ಮುಂದಕ್ಕೆ, ಮುಂದಿದ್ದವನನ್ನು ಹಿಂದಕ್ಕೆ ತರುವ ಗುಣ ಅದರಲ್ಲೇ ಅಡಗಿದೆ. ನ್ಯೂರಾನ್‌ಗೆ ಅಂಥ ಗುಣ ಇರಲೇಬೇಕೆಂದೇನೂ ಇಲ್ಲ. ಅದು ಮಿಡಿದಾಗ ಮಾತ್ರ ಮಾತಾಡುತ್ತದೆ, ನಡುವೆ ಸುಮ್ಮನಿರುತ್ತದೆ. ಮತ್ತು ಪ್ರಚೋದನೆ ಸಿಕ್ಕರೆ ಸುತ್ತಿನ ಒಂದೊಂದು ಹಂತದಲ್ಲಿ ಒಂದೊಂದು ರೀತಿ ಉತ್ತರ ಕೊಡುತ್ತದೆ. ಈ ಉತ್ತರವನ್ನು ಗ್ರಾಫ್ ಮಾಡಿದರೆ ಸಿಗುವುದು ಫೇಸ್ ರೆಸ್ಪಾನ್ಸ್ ಕರ್ವ್, ಚಿಕ್ಕದಾಗಿ ಪಿಆರ್‌ಸಿ.

ಇದನ್ನು ನಿಮ್ಮ ಮಾಡೆಲ್‌ಗೆ ನೀವೇ ಅಳೆಯಬಹುದು. ಒಂದೇ ನ್ಯೂರಾನ್ ಇಟ್ಟುಕೊಳ್ಳಿ. 40 ಹರ್ಟ್ಸ್ ಎಂದರೆ 25 ಮಿಲಿಸೆಕೆಂಡಿಗೊಂದು ಸ್ಪೈಕ್, ಅಂದರೆ ಮಿಡಿತ. ಸ್ಪೈಕ್ ಆಗಿ 2 ಮಿಲಿಸೆಕೆಂಡ್ ಬಿಟ್ಟು ಒಂದು ಸಣ್ಣ ಕರೆಂಟ್ ಪಲ್ಸ್ ಕೊಡಿ. ಮುಂದಿನ ಸ್ಪೈಕ್ ಎಷ್ಟು ಬೇಗ ಬಂತು, ಬರೆದಿಡಿ. ಆಮೇಲೆ 4ಕ್ಕೆ ಕೊಡಿ, 6ಕ್ಕೆ ಕೊಡಿ, ಹಾಗೇ 24ರವರೆಗೆ. ನಿಮ್ಮ ಲೀಕಿ ಮಾಡೆಲ್‌ನಲ್ಲಿ ಈ ಗೆರೆ ಸುತ್ತಿನ ಉದ್ದಕ್ಕೂ ಏರುತ್ತಲೇ ಹೋಗುತ್ತದೆ. ಸ್ಪೈಕ್ ಆದ ಹೊಸತರಲ್ಲಿ ಪಲ್ಸ್ ಕೊಟ್ಟರೆ ಅದು ಸೋರಿಹೋಗಿ ಪರಿಣಾಮ ಉಳಿಯುವುದಿಲ್ಲ. ಕೊನೆಗೆ ಕೊಟ್ಟರೆ ಪೂರಾ ಲೆಕ್ಕಕ್ಕೆ ಬರುತ್ತದೆ.

ಈಗ ಎರಡು ನ್ಯೂರಾನ್. ಮೊದಲನೆಯದು 2 ಮಿಲಿಸೆಕೆಂಡ್ ಮುಂದಿದೆ. ಸಿನಾಪ್ಸ್ ಕ್ಷಣದಲ್ಲಿ ಮುಗಿಯುವಂಥದ್ದಾದರೆ ಏನಾಗುತ್ತದೆ? ಮೊದಲನೆಯದು ಮಿಡಿಯುವಾಗ ಎರಡನೆಯದು 23ನೇ ಮಿಲಿಸೆಕೆಂಡಿನಲ್ಲಿದೆ. ಅಲ್ಲಿ ಅದು ತುಂಬಾ ಸೂಕ್ಷ್ಮ. ತಳ್ಳು ಸಿಕ್ಕಿ ಅದೂ ಮಿಡಿದುಬಿಡುತ್ತದೆ. ಅದರ ತಳ್ಳು ಮೊದಲನೆಯದಕ್ಕೆ ತಲುಪುವಾಗ ಮೊದಲನೆಯದು ಆಗಷ್ಟೇ ಮಿಡಿದು ಮುಗಿಸಿದೆ, ಹೆಚ್ಚೇನೂ ಆಗುವುದಿಲ್ಲ. ಅಂತರ ಕಡಿಮೆಯಾಯಿತು. 1990ರಲ್ಲಿ ಮಿರೊಲೊ ಮತ್ತು ಸ್ಟ್ರೊಗಾಟ್ಸ್ ಇದನ್ನು ಎಷ್ಟೇ ಆಸಿಲೇಟರ್‌ಗಳಿಗೂ ಸಾಧಿಸಿ ತೋರಿಸಿದರು. ಆದರೆ ಷರತ್ತುಗಳಿವೆ. ಎಲ್ಲವೂ ಒಂದೇ ಥರ ಇರಬೇಕು, ಎಲ್ಲವೂ ಎಲ್ಲದಕ್ಕೂ ಜೋಡಿಸಿರಬೇಕು, ಪಲ್ಸ್ ತಕ್ಷಣ ತಲುಪಿ ತಕ್ಷಣ ಮುಗಿಯಬೇಕು.

ನಿಜವಾದ ಸಿನಾಪ್ಸ್ ಹಾಗೆ ಮುಗಿಯುವುದಿಲ್ಲ. ಅದರ ಕರೆಂಟ್ ಹಲವು ಮಿಲಿಸೆಕೆಂಡ್ ಎಳೆಯುತ್ತದೆ. ಹಾಗಾಗಿ ಇಬ್ಬರೂ ಮಿಡಿದು ಮುಗಿದ ಮೇಲೂ ಇಬ್ಬರ ಮೇಲೂ ತಳ್ಳು ಬೀಳುತ್ತಲೇ ಇರುತ್ತದೆ. ಒಂದು ಕ್ಷಣ ಹಿಡಿದು ನೋಡಿ. ಮೊದಲನೆಯದು 12ನೇ ಮಿಲಿಸೆಕೆಂಡಿನಲ್ಲಿದೆ, ಎರಡನೆಯದು 10ರಲ್ಲಿ. ಇಬ್ಬರಿಗೂ ಹೆಚ್ಚುಕಡಿಮೆ ಅಷ್ಟೇ ಕರೆಂಟ್. ಆದರೆ ಪಿಆರ್‌ಸಿ ಏರುಗೆರೆ. 12ರಲ್ಲಿರುವವನು 10ರಲ್ಲಿರುವವನಿಗಿಂತ ಜಾಸ್ತಿ ಸ್ಪಂದಿಸುತ್ತಾನೆ. ಮುಂದಿದ್ದವನೇ ಇನ್ನಷ್ಟು ಮುಂದಕ್ಕೆ ಹೋದ! ಅಂತರ ಎರಡಿದ್ದದ್ದು ಎರಡಕ್ಕಿಂತ ಹೆಚ್ಚಾಯಿತು. ಪ್ರತಿ ಸುತ್ತಿನಲ್ಲೂ ಹೀಗೇ ಬೆಳೆದು ಕೊನೆಗೆ ಒಬ್ಬ ಒಂದು ಕಡೆ, ಇನ್ನೊಬ್ಬ ಎದುರು ಕಡೆ ಸೇರುತ್ತಾರೆ. ಕಪ್ಲಿಂಗ್ ಜೋರು ಮಾಡಿದರೆ ಇದೇ ಕೆಲಸ ಇನ್ನೂ ಬೇಗ ಆಗುತ್ತದೆ, ಅಷ್ಟೇ.

ಚಿಹ್ನೆ ಬದಲಿಸಿದರೆ ಇದೇ ವಾದ ತಿರುಗಿ ನಿಲ್ಲುತ್ತದೆ. ತಡೆ ಬಿದ್ದಾಗ 12ರಲ್ಲಿರುವವನು ಜಾಸ್ತಿ ಹಿಂದೆ ಬೀಳುತ್ತಾನೆ, 10ರಲ್ಲಿರುವವನು ಕಡಿಮೆ. ಅಂತರ ಮುಚ್ಚುತ್ತದೆ. ನೀವು ಕಂಡ ಮೈನಸ್‌ನ ಮಾಯೆ ಇದು.

ಇದು ಎಲ್ಲ ನ್ಯೂರಾನ್‌ಗೂ ಅನ್ವಯಿಸುತ್ತದೆ ಎಂದು ಮಾತ್ರ ತಿಳಿಯಬೇಡಿ. 1948ರಲ್ಲಿ ಅಲನ್ ಹಾಡ್ಜ್‌ಕಿನ್ ಏಡಿಯ ನರಗಳ ಮೇಲೆ ಪ್ರಯೋಗ ಮಾಡಿ ಅವು ಬೇರೆ ಬೇರೆ ವರ್ಗದವು ಎಂದು ಕಂಡುಕೊಂಡ. (ನಾವು ಸುಕ್ಕ ಮಾಡುವ ಏಡಿ ಅಲ್ಲ, ಯುರೋಪಿನ ಕಡಲಂಚಿನ ಏಡಿ.) ಮೊದಲ ವರ್ಗದವು ಕರೆಂಟ್ ಹೆಚ್ಚಿದ ಹಾಗೆ ತೀರಾ ನಿಧಾನದಿಂದ ಶುರುವಾಗಿ ವೇಗ ಏರಿಸುತ್ತವೆ. ಎರಡನೇ ವರ್ಗದವು ಶುರು ಮಾಡುವಾಗಲೇ ಒಂದು ವೇಗದಲ್ಲಿ ಮಿಡಿಯುತ್ತವೆ. ಆಮೇಲೆ 1952ರಲ್ಲಿ ಹಾಡ್ಜ್‌ಕಿನ್ ಮತ್ತು ಹಕ್ಸ್‌ಲಿ ಸ್ಕ್ವಿಡ್‌ನ, ನಮ್ಮ ಬೊಂಡಾಸ್‌ನ ಬಳಗದ ಜೀವಿಯ, ದಪ್ಪ ನರ ಬಳಸಿ ಪ್ರಸಿದ್ಧ ಸಮೀಕರಣ ಬರೆದರಲ್ಲ, ಆ ಮಾಡೆಲ್ ಎರಡನೇ ವರ್ಗದ್ದು. ಈ ವರ್ಗದ ಪಿಆರ್‌ಸಿಯಲ್ಲಿ ಒಂದು ವಿಚಿತ್ರ ಇದೆ. ಸ್ಪೈಕ್ ಆದ ಹೊಸತರಲ್ಲಿ ಪ್ರಚೋದನೆ ಕೊಟ್ಟರೆ ಮುಂದಿನ ಸ್ಪೈಕ್ ಬೇಗ ಬರುವ ಬದಲು ತಡವಾಗುತ್ತದೆ. ಅಂದರೆ ಮುಂದಿದ್ದವನು ಹಿಂದಿನವನ ತಳ್ಳು ಸಿಕ್ಕಾಗ ಸ್ವಲ್ಪ ತಡೆದು ಕಾಯುತ್ತಾನೆ. ಇಂಥ ಜಾಲದಲ್ಲಿ ಪ್ರಚೋದನೆಯಿಂದಲೂ ಸಿಂಕ್ ಸುಲಭ. ಸಮಯ ಇದ್ದರೆ ಅದೇ 100 ನ್ಯೂರಾನ್‌ಗಳನ್ನು ಹಾಡ್ಜ್‌ಕಿನ್-ಹಕ್ಸ್‌ಲಿಗೆ ಬದಲಿಸಿ ಓಡಿಸಿ. ಎರಡು ಗ್ರಾಫ್ ಪಕ್ಕಪಕ್ಕ ಇಟ್ಟರೆ ವೈವಾದಲ್ಲಿ ಕೇಳುವವರಿಗೂ ಖುಷಿ.

ಎರಡು ಗುಂಪಿನ ಬಗ್ಗೆ ಇನ್ನೊಂದು ಮಾತು. 50 ಇತ್ತ, 50 ಅತ್ತ ನಿಂತರೆ ಬಾಣಗಳು ಒಂದನ್ನೊಂದು ಕಳೆದುಹಾಕಿ ಆರ್ ಸೊನ್ನೆ ಬರುತ್ತದೆ. ಅಂಕಿ ಮಾತ್ರ ನೋಡಿದವರು ಏನೂ ಹೊಂದಿಕೆ ಇಲ್ಲ ಎನ್ನುತ್ತಾರೆ. ಆದರೆ ಅಲ್ಲಿ ಗಟ್ಟಿ ಹೊಂದಿಕೆ ಇದೆ. ಇದನ್ನು ಹಿಡಿಯಲು ಪ್ರತಿ ಫೇಸನ್ನೂ ಎರಡರಿಂದ ಗುಣಿಸಿ ಮತ್ತೆ ಬಾಣಗಳ ಸರಾಸರಿ ತೆಗೆಯಿರಿ. ಎದುರುಬದುರು ಇದ್ದ ಎರಡು ಗುಂಪು ಆಗ ಒಂದರ ಮೇಲೊಂದು ಬಂದು ಅಂಕಿ 1ರ ಹತ್ತಿರ ಹೋಗುತ್ತದೆ. ರಿಪೋರ್ಟ್‌ನಲ್ಲಿ ಎರಡೂ ಅಂಕಿ ಕೊಡಿ.

ಕೋಡ್‌ನಲ್ಲಿ ನಿಜವಾಗಿ ಅನುಮಾನ ಪಡಬೇಕಾದ್ದು ಟೈಮ್ ಸ್ಟೆಪ್, ಅಂದರೆ ಲೆಕ್ಕ ಮುಂದಕ್ಕೆ ಹೋಗುವ ಸಮಯದ ಹೆಜ್ಜೆ. ಸ್ಪೈಕ್‌ಗಳನ್ನು 0.1 ಮಿಲಿಸೆಕೆಂಡ್ ಗೆರೆಗಳ ಮೇಲೆಯೇ ಕೂರಿಸಿದರೆ, ಹತ್ತಿರ ಹತ್ತಿರ ಇದ್ದ ಎರಡು ಸ್ಪೈಕ್ ಒಂದೇ ಗೆರೆಗೆ ಬಂದು ಕಂಪ್ಯೂಟರೇ ಸಿಂಕ್ ಮಾಡಿಬಿಡುತ್ತದೆ. ಮೈನಸ್ ಹಾಕಿದಾಗ ಬಂದ ಸಿಂಕ್ ಅಸಲಿಯೋ ನಕಲಿಯೋ ತಿಳಿಯಲು ಸ್ಟೆಪ್ ಅರ್ಧಕ್ಕೆ ಇಳಿಸಿ, ಮತ್ತೆ ಅರ್ಧಕ್ಕೆ ಇಳಿಸಿ ನೋಡಿ. ಫಲಿತಾಂಶ ಬದಲಾಗದಿದ್ದರೆ ನಂಬಿ. ಹಾಗೆಯೇ ನ್ಯೂರಾನ್‌ನಿಂದ ನ್ಯೂರಾನ್‌ಗೆ ಡಿಲೇ ಹಾಕಿದ್ದೀರಾ ಎಂದು ನೀವು ಬರೆದಿಲ್ಲ. ಹಾಕಿದ್ದರೆ ಮೊದಲು ಅದನ್ನು ಸೊನ್ನೆ ಮಾಡಿ ಒಂದು ಸಲ ಓಡಿಸಿ. 25 ಮಿಲಿಸೆಕೆಂಡ್ ಸುತ್ತಿನಲ್ಲಿ 5 ಮಿಲಿಸೆಕೆಂಡ್ ಡಿಲೇ ಎಂದರೆ ಐದನೇ ಒಂದು ಭಾಗ. ಸಣ್ಣದೇನಲ್ಲ ಅದು. ಪಿಆರ್‌ಸಿಯ ಬೇರೆಯೇ ಜಾಗದಲ್ಲಿ ತಳ್ಳು ಬೀಳುತ್ತದೆ.

ಹಾಗಾದರೆ ನಿಜವಾದ ಮೆದುಳಿನಲ್ಲಿ ತಡೆಯೇ ಸಿಂಕ್ ಮಾಡುತ್ತದಾ? ಬಹಳ ಕಡೆ ಹೌದು. ನೀವು ಆರಿಸಿದ 40 ಹರ್ಟ್ಸ್ ಗಾಮಾ ಎಂಬ ಮೆದುಳಿನ ವೇಗದ ಲಯದ ಪಟ್ಟಿಗೆ ಸೇರುತ್ತದೆ. 1996ರಲ್ಲಿ ವಾಂಗ್ ಮತ್ತು ಬುಜಾಕಿ ಹಿಪೊಕ್ಯಾಂಪಸ್ ಎಂಬ ಮೆದುಳಿನ ಭಾಗದ ತಡೆ ನ್ಯೂರಾನ್‌ಗಳ ಮಾಡೆಲ್ ಮಾಡಿದರು. ಆ ನ್ಯೂರಾನ್‌ಗಳು ಬಿಡುವ ಗಾಬಾ ಎಂಬ ರಾಸಾಯನಿಕದ ಪರಿಣಾಮ ಇಳಿಯಲು ಸುಮಾರು 10 ಮಿಲಿಸೆಕೆಂಡ್ ಬೇಕು. ಜಾಲದಲ್ಲಿ ಪ್ರಚೋದಿಸುವ ಕೋಶಗಳೇ ಇಲ್ಲದೆ ಬರೀ ಪರಸ್ಪರ ತಡೆಯಿಂದ ಗಾಮಾ ಲಯ ಹುಟ್ಟುತ್ತದೆ ಎಂದು ಅವರು ತೋರಿಸಿದರು. ಇನ್ನೊಂದು ದಾರಿಯೂ ಇದೆ. ಪ್ರಚೋದಿಸುವ ಕೋಶಗಳು ಮಿಡಿಯುತ್ತವೆ, ಅದರಿಂದ ತಡೆ ಕೋಶಗಳು ಮಿಡಿಯುತ್ತವೆ, ಅವು ಎಲ್ಲರ ಬಾಯಿ ಮುಚ್ಚಿಸುತ್ತವೆ. ತಡೆ ಇಳಿದ ಕೂಡಲೇ ಎಲ್ಲ ಒಟ್ಟಿಗೆ ಮತ್ತೆ ಮಿಡಿಯುತ್ತವೆ. ಇದರ ಜೊತೆಗೆ, ಮೆದುಳಿನ ಹೊರಪದರದ ತಡೆ ನ್ಯೂರಾನ್‌ಗಳು ರಾಸಾಯನಿಕದ ಹಂಗಿಲ್ಲದೆ ನೇರ ವಿದ್ಯುತ್ ಸಂಪರ್ಕವನ್ನೂ ಇಟ್ಟುಕೊಂಡಿವೆ ಎಂದು 1999ರಲ್ಲಿ ಗೊತ್ತಾಯಿತು.

ಆದರೆ ನಿಮ್ಮ ಮಾಡೆಲ್‌ನಲ್ಲಿ ಪ್ರತಿ ನ್ಯೂರಾನ್ ಪ್ರತಿ ಸುತ್ತಿಗೂ ಮಿಡಿಯುತ್ತದೆ. ಹೊರಪದರದಲ್ಲಿ ಹಾಗಿಲ್ಲ. ಗುಂಪಿನ ಲಯ 40 ಹರ್ಟ್ಸ್ ಇದ್ದರೂ ಒಂದೊಂದು ಪ್ರಚೋದಕ ಕೋಶ ಹಲವು ಸುತ್ತಿಗೊಮ್ಮೆ ಮಿಡಿಯುತ್ತದೆ, ಅದೂ ಹೀಗೇ ಎಂದು ಹೇಳಲು ಬಾರದ ಹಾಗೆ. ಅಲ್ಲಿ ಒಂದೊಂದು ನ್ಯೂರಾನನ್ನು ಆಸಿಲೇಟರ್ ಎನ್ನುವುದೇ ಕಷ್ಟ. ಲಯ ಇರುವುದು ಗುಂಪಿಗೆ. ‘ಮೆದುಳು ಕುರಾಮೊಟೊ ಆಸಿಲೇಟರ್‌ಗಳ ಜಾಲ’ ಎಂದು ಧೈರ್ಯವಾಗಿ ಶುರುವಾಗುವ ಪ್ರಬಂಧಗಳು ಬರುತ್ತಲೇ ಇರುತ್ತವೆ. ಅವುಗಳಲ್ಲಿ ಒಂದು ಆಸಿಲೇಟರ್ ಎಂದರೆ ಸಾಮಾನ್ಯವಾಗಿ ಮೆದುಳಿನ ಒಂದು ಇಡೀ ಪ್ರದೇಶ, ಒಂದು ನ್ಯೂರಾನ್ ಅಲ್ಲ. ಓದುವಾಗ ಅದೊಂದು ನೆನಪಿರಲಿ.

ಕೋಶ ಕೋಶವೂ ನಿಜವಾಗಿ ಆಸಿಲೇಟರ್ ಆಗಿರುವ ಜಾಗ ಬೇಕಾದರೆ ಸುಪ್ರಾಕಯಾಸ್ಮ್ಯಾಟಿಕ್ ನ್ಯೂಕ್ಲಿಯಸ್ ನೋಡಿ. ಕಣ್ಣಿನ ನರಗಳು ಅಡ್ಡ ಹಾಯುವ ಜಾಗದ ಮೇಲೆ, ಸುಮಾರು 20,000 ಕೋಶಗಳ ಗುಂಪು. ನಮ್ಮ ಹಗಲು-ರಾತ್ರಿಯ ಗಡಿಯಾರ ಅದು. ಕೋಶಗಳನ್ನು ಬಿಡಿಸಿ ತಟ್ಟೆಯಲ್ಲಿ ಬೆಳೆಸಿದರೆ ಒಂದೊಂದೂ ತನ್ನದೇ ಲೆಕ್ಕದಲ್ಲಿ, ಸುಮಾರು ಒಂದು ದಿನದ ಸುತ್ತು ಹಾಕುತ್ತಿರುತ್ತದೆ. ಒಂದರ ದಿನ ಸ್ವಲ್ಪ ಉದ್ದ, ಇನ್ನೊಂದರದ್ದು ಗಿಡ್ಡ. ವಿಐಪಿ ಎಂಬ ಪ್ರೋಟೀನ್ ತುಣುಕು ಅವನ್ನು ಜೋಡಿಸಿಟ್ಟಿದೆ. ಇಲಿಗಳಲ್ಲಿ ಆ ಸಂಕೇತ ಕೆಡಿಸಿದರೆ ಕೋಶಗಳು ಚದುರುತ್ತವೆ, ಇಲಿಯ ದಿನಚರಿಯೂ ಹದಗೆಡುತ್ತದೆ. ಮಂಗಳೂರಿನಿಂದ ದುಬೈಗೆ ಹೋದರೆ ಒಂದೂವರೆ ಗಂಟೆ ವ್ಯತ್ಯಾಸ, ಯಾರಿಗೂ ಗೊತ್ತೇ ಆಗುವುದಿಲ್ಲ. ಅಮೆರಿಕಕ್ಕೆ ಮಗನ ಮನೆಗೆ ಹೋದವರು ಮಾತ್ರ ಒಂದು ವಾರ ನಡುರಾತ್ರಿ ಎದ್ದು ಕೂರುತ್ತಾರೆ. ಇಲಿಗಳಲ್ಲಿ ನೋಡಿದಾಗ ಆ ನ್ಯೂಕ್ಲಿಯಸ್‌ನ ಕೆಳಭಾಗ ಹೊಸ ಬೆಳಕಿಗೆ ಬೇಗ ಹೊಂದಿಕೊಂಡಿತು, ಮೇಲುಭಾಗ ಹಿಂದುಳಿಯಿತು. ಅಷ್ಟು ದಿನ ಗಡಿಯಾರದ ಒಳಗೇ ಸಿಂಕ್ ಇರುವುದಿಲ್ಲ.

ಲ್ಯಾಂಪ್ರೇ ಎಂಬ ಹಾವುಮೀನಿನ ಆಕಾರದ ಜೀವಿಯನ್ನೂ ಹೇಳಿಬಿಡುತ್ತೇನೆ. ಅದರ ಬೆನ್ನುಹುರಿಯಲ್ಲಿ ಸುಮಾರು 100 ತುಂಡುಗಳು, ಪ್ರತಿ ತುಂಡಿನಲ್ಲೂ ಈಜಿನ ಲಯ ಹುಟ್ಟಿಸುವ ನ್ಯೂರಾನ್‌ಗಳು. ಪಕ್ಕಪಕ್ಕದ ತುಂಡುಗಳ ನಡುವೆ ಸುತ್ತಿನ ಒಂದು ಶೇಕಡಾ ಅಂತರ. ನೂರು ತುಂಡಿಗೆ ಪೂರ್ತಿ ಒಂದು ಸುತ್ತು. ಅಂದರೆ ಮೈಯುದ್ದಕ್ಕೂ ಒಂದು ಅಲೆ. ನಿಧಾನ ಈಜಲಿ, ಬೇಗ ಈಜಲಿ, ಆ ಒಂದು ಶೇಕಡಾ ಹೆಚ್ಚುಕಡಿಮೆ ಹಾಗೇ ಇರುತ್ತದೆ. ಎಲ್ಲ ತುಂಡೂ ಒಂದೇ ಕ್ಷಣಕ್ಕೆ ಮಿಡಿದರೆ ಅದು ಈಜಲಾರದು, ಅಲ್ಲೇ ನಿಂತು ಸೆಟೆದುಕೊಂಡೀತು.

ಈಗ ಅಜ್ಜನ ವಿಷಯ. ಅದಕ್ಕೂ ಮೊದಲು ಡಾಕ್ಟರರಿಗೆ ಸಿಂಕ್ ಕಾಣುವುದು ಹೇಗೆ ಎಂದು ಹೇಳಬೇಕು. 1924ರಲ್ಲಿ ಹಾನ್ಸ್ ಬರ್ಗರ್ ಮನುಷ್ಯರ ಇಇಜಿ, ಅಂದರೆ ಮೆದುಳಿನ ವಿದ್ಯುತ್ ಅಲೆಗಳ ದಾಖಲೆ, ಮೊದಲ ಸಲ ದಾಖಲಿಸಿದ, 1929ರಲ್ಲಿ ಪ್ರಕಟಿಸಿದ. ಕಣ್ಣು ಮುಚ್ಚಿ ಸುಮ್ಮನೆ ಕೂತಾಗ 8ರಿಂದ 13 ಹರ್ಟ್ಸ್‌ನ ಆಲ್ಫಾ ಅಲೆ ಎದ್ದು ಕಾಣುತ್ತದೆ. ತಲೆಬುರುಡೆಯ ಹೊರಗಿನಿಂದ ಅದು ಕಾಣುವುದೇ ಸಿಂಕ್‌ನಿಂದ. ಲೆಕ್ಕ ನೋಡಿ. ಒಂದು ಜಾಗದಲ್ಲಿ 10 ಲಕ್ಷ ನ್ಯೂರಾನ್ ಇವೆ ಎನ್ನೋಣ. ಅವುಗಳಲ್ಲಿ ಒಂದು ಶೇಕಡಾ, ಅಂದರೆ 10,000 ಮಾತ್ರ ಒಟ್ಟಿಗೆ ಮಿಡಿಯುತ್ತವೆ. ಅವುಗಳ ಸಂಕೇತ ಕೂಡಿ 10,000 ಪಾಲು ಆಗುತ್ತದೆ. ಉಳಿದ 9.9 ಲಕ್ಷ ತಮಗೆ ತೋಚಿದ ಹಾಗೆ ಮಿಡಿದರೆ ಅವು ಒಂದನ್ನೊಂದು ಕಳೆದು, ವರ್ಗಮೂಲದಷ್ಟು, ಸುಮಾರು 1,000 ಪಾಲು ಉಳಿಯುತ್ತದೆ. ಒಂದು ಶೇಕಡಾ ಜನ ಉಳಿದವರನ್ನೆಲ್ಲ ಹತ್ತು ಪಟ್ಟು ಮೀರಿಸಿದರು. ಹಾಗಾಗಿ ಇಇಜಿಯಲ್ಲಿ ದೊಡ್ಡ ಅಲೆ ಕಂಡರೆ ಮೆದುಳು ಜಾಸ್ತಿ ಕೆಲಸ ಮಾಡುತ್ತಿದೆ ಎಂದಲ್ಲ. ಕೆಲವು ಕೋಶಗಳು ಜಾಸ್ತಿ ಜೊತೆಯಾಗಿವೆ ಎಂದು ಮಾತ್ರ.

ಸಿಂಕ್ ಒಳ್ಳೆಯದೋ ಕೆಟ್ಟದ್ದೋ ಎಂಬ ಪ್ರಶ್ನೆಗೆ ಒಂದೇ ಮಾತಿನ ಉತ್ತರ ಇಲ್ಲ ಮಾರಾಯ್ರೆ. ಉಸಿರಾಟದ ಲಯ ಹುಟ್ಟುವುದು ಮೆದುಳಿನ ಬುಡದಲ್ಲಿ ಪ್ರಿಬೊಟ್ಸಿಂಗರ್ ಎಂಬ ಸಣ್ಣ ಗುಂಪಿನ ನ್ಯೂರಾನ್‌ಗಳು ಒಟ್ಟಿಗೆ ಮಿಡಿಯುವುದರಿಂದ. ಅಲ್ಲಿ ಸಿಂಕ್ ತಪ್ಪಿದರೆ ಕಷ್ಟ. ಮಕ್ಕಳಿಗೆ ಬರುವ ಆಬ್ಸೆನ್ಸ್ ಎಂಬ ಮೂರ್ಛೆರೋಗದಲ್ಲಿ ಇಡೀ ಮೆದುಳಿನಲ್ಲಿ ಸೆಕೆಂಡಿಗೆ 3ರಂತೆ ಅಲೆ ಏಳುತ್ತದೆ. ಮಗು ಕೆಲವು ಸೆಕೆಂಡ್ ಎಲ್ಲೋ ನೋಡುತ್ತಾ ನಿಂತುಬಿಡುತ್ತದೆ. ಅಲ್ಲಿ ಸಿಂಕ್ ಬೇಡದ್ದು. ಹಾಗೆಂದು ಎಲ್ಲ ಮೂರ್ಛೆಯೂ ಅತಿ ಸಿಂಕ್ ಎನ್ನುವ ಹಾಗಿಲ್ಲ. ಪ್ರಯೋಗದಲ್ಲಿ ಮೂರ್ಛೆ ಬರಿಸಿದಾಗ ಅದರ ನಡುವೆ ನ್ಯೂರಾನ್‌ಗಳ ಹೊಂದಿಕೆ ಕಡಿಮೆಯಾದದ್ದನ್ನು 2002ರಲ್ಲಿ ನೆಟಾಫ್ ಮತ್ತು ಶಿಫ್ ತೋರಿಸಿದ್ದಾರೆ.

ಪಾರ್ಕಿನ್ಸನ್ಸ್‌ನಲ್ಲಿ ಡಾಕ್ಟರ್ ಹೇಳಿದ್ದು ಮೆದುಳಿನ ಆಳದಲ್ಲಿರುವ ಸಬ್‌ಥಲಾಮಿಕ್ ನ್ಯೂಕ್ಲಿಯಸ್ ಮತ್ತು ಅದರ ನೆರೆಯ ಜಾಗಗಳ ಬಗ್ಗೆ ಇರಬೇಕು. ಕೆಲವೇ ಮಿಲಿಮೀಟರ್ ಗಾತ್ರದ ಜಾಗ ಅದು. 13ರಿಂದ 30 ಹರ್ಟ್ಸ್‌ನ ಬೀಟಾ ಲಯ ಎಲ್ಲರಲ್ಲೂ ಇರುತ್ತದೆ. ಕೈ ಎತ್ತುವ ಮೊದಲು ಅದು ಇಳಿಯುತ್ತದೆ, ಕೆಲಸ ಮುಗಿದ ಮೇಲೆ ಏರುತ್ತದೆ. ಪಾರ್ಕಿನ್ಸನ್ಸ್ ಬಂದು ಡೋಪಮಿನ್ ಎಂಬ ಮೆದುಳಿನ ರಾಸಾಯನಿಕ ಕಡಿಮೆಯಾದವರಲ್ಲಿ ಬೀಟಾ ಜೋರಾಗಿ, ದೀರ್ಘವಾಗಿ ನಿಂತುಬಿಡುತ್ತದೆ. ಆಗ ಚಲನೆ ಶುರುವಾಗುವುದೇ ಕಷ್ಟ. ಇಲ್ಲೊಂದು ಗೊಂದಲ ಸಾಮಾನ್ಯ. ಕೈ ನಡುಕ ಬೀಟಾ ಲಯವಲ್ಲ. ನಡುಕ ಸೆಕೆಂಡಿಗೆ 4ರಿಂದ 6 ಸಲ. ಬೀಟಾಕ್ಕೆ ಹೆಚ್ಚು ಸಂಬಂಧ ಇರುವುದು ಮೈ ಬಿಗಿತ ಮತ್ತು ನಿಧಾನಗತಿಗೆ. ಅಜ್ಜನ ಕೈ ನಡುಗದಿದ್ದ ದಿನವೂ ಅಂಗಿಯ ಗುಂಡಿ ಹಾಕಲು ಒದ್ದಾಡುತ್ತಿದ್ದರೆ ಆಶ್ಚರ್ಯ ಪಡಬೇಡಿ.

ಕೆಲವರಿಗೆ ಆ ಜಾಗಕ್ಕೆ ತಂತಿ ಇಳಿಸಿ ಸೆಕೆಂಡಿಗೆ ಸುಮಾರು 130 ಪಲ್ಸ್ ಕೊಡುತ್ತಾರೆ. ಡೀಪ್ ಬ್ರೈನ್ ಸ್ಟಿಮ್ಯುಲೇಷನ್, ಡಿಬಿಎಸ್. ಫ್ರಾನ್ಸಿನ ಗ್ರೆನೋಬಲ್‌ನಲ್ಲಿ ಬೆನಬಿದ್ ತಂಡ 1987ರಲ್ಲಿ ಇದಕ್ಕೆ ದಾರಿ ಮಾಡಿತು. ಬೀಟಾ ಇಳಿಯುತ್ತದೆ, ರೋಗಿಗೆ ಆರಾಮ ಸಿಗುತ್ತದೆ. ಅದು ಒಳಗೆ ನಿಖರವಾಗಿ ಹೇಗೆ ಕೆಲಸ ಮಾಡುತ್ತದೆ ಎಂಬ ಚರ್ಚೆ ಇನ್ನೂ ಮುಗಿದಿಲ್ಲ. ನಿಮ್ಮ ಪ್ರಾಜೆಕ್ಟ್‌ಗೆ ಹತ್ತಿರದ್ದು ಪೀಟರ್ ಟಾಸ್ 2003ರಲ್ಲಿ ಮುಂದಿಟ್ಟ ಉಪಾಯ. ಒಂದೇ ಜಾಗಕ್ಕೆ ಜೋರು ಪಲ್ಸ್ ಕೊಡುವ ಬದಲು ಹಲವು ಜಾಗಗಳಿಗೆ ಸರದಿಯಲ್ಲಿ, ಸಮಯ ಬಿಟ್ಟು ಬಿಟ್ಟು ಸಣ್ಣ ಪಲ್ಸ್ ಕೊಡುವುದು. ಒಂದೇ ದೊಡ್ಡ ಗುಂಪು ಒಡೆದು ಹಲವು ಸಣ್ಣ ಗುಂಪಾಗುತ್ತದೆ. ನಿಮ್ಮ ಜಾಲ ಬೇಡವೆಂದರೂ ಮಾಡಿದ್ದನ್ನು ಟಾಸ್ ಬೇಕೆಂದೇ ಮಾಡಿಸಲು ಹೊರಟ. ಅದು ಇನ್ನೂ ಪ್ರಯೋಗದ ಹಂತದಲ್ಲಿದೆ. ಅಜ್ಜನಿಗೆ ಈಗ ಅದನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ.

ಅಜ್ಜ ಮೆದುಳಿನಲ್ಲಿ ಡೋಪಮಿನ್ ಆಗಿ ಬದಲಾಗುವ ಲೆವೊಡೋಪಾ ಮಾತ್ರೆ ತೆಗೆದುಕೊಳ್ಳುತ್ತಿರಬಹುದು. ಅದೂ ಬೀಟಾವನ್ನು ಇಳಿಸುತ್ತದೆ, ಮಾತ್ರೆಯ ಪ್ರಭಾವ ಇಳಿದಾಗ ಬೀಟಾ ಮತ್ತೆ ಏರುತ್ತದೆ. ಹಾಗಾಗಿ ಒಂದು ನೋಟ್‌ಬುಕ್ ಇಟ್ಟು, ಮಾತ್ರೆ ಕೊಟ್ಟ ಹೊತ್ತು, ಕೈಕಾಲು ಸಡಿಲವಾದ ಹೊತ್ತು, ಮತ್ತೆ ಬಿಗಿಯಾದ ಹೊತ್ತು ಬರೆಯಿರಿ. ಡೋಸ್ ಹೊಂದಿಸುವಾಗ ನ್ಯೂರಾಲಜಿಸ್ಟ್ ಕೇಳುವುದು ಇದನ್ನೇ. ಇನ್ನೊಂದು, ಲೆವೊಡೋಪಾ ಕರುಳಿನಿಂದ ರಕ್ತಕ್ಕೆ ಮತ್ತು ರಕ್ತದಿಂದ ಮೆದುಳಿಗೆ ಹೋಗುವ ದಾರಿಯಲ್ಲಿ ಪ್ರೋಟೀನ್‌ನ ಅಮಿನೊ ಆಮ್ಲಗಳೊಂದಿಗೆ ಪೈಪೋಟಿ ಮಾಡಬೇಕು. ಮಧ್ಯಾಹ್ನ ಮೀನಿನ ಊಟದ ಜೊತೆಗೇ ಮಾತ್ರೆ ನುಂಗುವ ಅಭ್ಯಾಸ ಇದ್ದರೆ ಆ ಡೋಸ್ ಮಂಕಾಗಬಹುದು. ಊಟಕ್ಕೆ ಎಷ್ಟು ಮೊದಲು ಕೊಡಬೇಕು ಎಂದು ಡಾಕ್ಟರರನ್ನು ಕೇಳಿಕೊಳ್ಳಿ. ಕೇಳದೆ ನೀವಾಗಿಯೇ ಮಾತ್ರೆಯ ಹೊತ್ತು ಬದಲಿಸುವುದು, ನಿಲ್ಲಿಸುವುದು ಬೇಡ.